ಅತ್ತೆ ಮೂರು ಸಲ ಪ್ರಜೆಯಾದರು

ನಮ್ಮ ಅತ್ತೆಗೆ ಅಮೆರಿಕದ ಪೌರತ್ವ ಸಿಕ್ಕಿದ್ದು 2024ರಲ್ಲಿ, ಅವರ 79ನೇ ವಯಸ್ಸಿಗೆ. 55 ದಾಟಿ, ಗ್ರೀನ್ ಕಾರ್ಡ್ ಸಿಕ್ಕಿ 15 ವರ್ಷ ಕಳೆದವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಸರ್ಕಾರ ಮತ್ತು ಇತಿಹಾಸದ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಅವರು ಅರ್ಜಿ ಹಾಕಿದಾಗ 100 ಪ್ರಶ್ನೆಗಳ ಪಟ್ಟಿ ಇತ್ತು. ಅದರಲ್ಲಿ 10 ಕೇಳುತ್ತಿದ್ದರು, 6 ಸರಿಯಾದರೆ ತೇರ್ಗಡೆ.

ಹಾಗಾಗಿ ಆ ಚಳಿಗಾಲವಿಡೀ ನಮ್ಮ ಅಡುಗೆಮನೆಯಲ್ಲಿ ಅಮೆರಿಕದ ಸಂವಿಧಾನದ ಪಾಠ ಕನ್ನಡದಲ್ಲಿ ನಡೆಯಿತು. ಅತ್ತೆ ನೆನೆಸಿದ ಅವರೆಕಾಳನ್ನು ಹಿದುಕುತ್ತಾ ಕೂರುತ್ತಿದ್ದರು, ನಾನು ಪ್ರಶ್ನೆ ಓದುತ್ತಿದ್ದೆ. ಸಂವಿಧಾನದ ಮೊದಲ ಮೂರು ಪದಗಳು ಯಾವುವು ಎಂಬ ಪ್ರಶ್ನೆ ಬಂದ ದಿನ, ಉತ್ತರ 'ವಿ ದ ಪೀಪಲ್', ಅಂದರೆ ಜನರಾದ ನಾವು ಎಂದು ಅರ್ಥ ಹೇಳಿದೆ. ಅವರ ಕೈ ನಿಂತಿತು. "ನಮ್ಮದೂ ಹಾಗೆಯೇ ಅಲ್ಲವೇನೇ? ಭಾರತದ ಪ್ರಜೆಗಳಾದ ನಾವು ಅಂತ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಆ ಸಾಲು ಅವರ ನಾಲಿಗೆಯ ಮೇಲೇ ಇತ್ತು.

ನಾನು ತಡವರಿಸಿದ್ದು ಪ್ರಮಾಣವಚನದ ಹತ್ತಿರ ಬಂದಾಗ. ಇದುವರೆಗೆ ನಾನು ಯಾವ ದೊರೆಯ, ಯಾವ ರಾಜ್ಯದ ಪ್ರಜೆಯೋ ಪೌರನೋ ಆಗಿದ್ದೆನೋ ಅದಕ್ಕೆ ನನ್ನ ನಿಷ್ಠೆಯನ್ನು ತೊರೆಯುತ್ತೇನೆ ಎಂಬ ಅರ್ಥದ ಮಾತು ಅದರಲ್ಲಿದೆ. ಇಂಗ್ಲಿಷಿನಲ್ಲಿ ರಾಜನ ಆಳ್ವಿಕೆಗೆ ಒಳಪಟ್ಟವನಿಗೆ ಒಂದು ಪದ, ಸಬ್ಜೆಕ್ಟ್; ತನ್ನನ್ನು ತಾನೇ ಆಳಿಕೊಳ್ಳುವವನಿಗೆ ಇನ್ನೊಂದು, ಸಿಟಿಜನ್. ದಿನಬಳಕೆಯ ಕನ್ನಡದಲ್ಲಿ ನಾವು ಎರಡಕ್ಕೂ ಪ್ರಜೆ ಎಂದೇ ಹೇಳುತ್ತೇವೆ. ಆ ಪದದ ಮೂಲ ಅರ್ಥವಂತೂ ಸಂತಾನ, ಹುಟ್ಟಿ ಬಂದವರು ಎಂದು.

ಅತ್ತೆಗೆ ಇದು ಬರೀ ಪದದ ಮಾತಾಗಿರಲಿಲ್ಲ. ಅವರು ಹುಟ್ಟಿದ್ದು 1945ರಲ್ಲಿ, ಮೈಸೂರು ಸಂಸ್ಥಾನದ ಒಂದು ಹಳ್ಳಿಯಲ್ಲಿ, ಜಯಚಾಮರಾಜ ಒಡೆಯರ ಪ್ರಜೆಯಾಗಿ. ಐದನೇ ವರ್ಷಕ್ಕೆ ಭಾರತ ಗಣರಾಜ್ಯದ ಪ್ರಜೆಯಾದರು. ಈಗ ಮೂರನೆಯದು.

ಇಷ್ಟೆಲ್ಲ ಬರೆಯುತ್ತಿರುವುದಕ್ಕೆ ಕಾರಣ, ನಮ್ಮ ಕನ್ನಡದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಹರಿದಾಡುವ ಒಂದು ಮಾತು: "ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಏಕೆ ಕೊಡಬೇಕು? ನಾವು ಎಷ್ಟು ವರ್ಷ ಸಾಲಿನಲ್ಲಿ ನಿಂತಿಲ್ಲವೇ?" ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಮೆರಿಕದ ಸಂವಿಧಾನ 1787ರಲ್ಲಿ ರಚನೆಯಾದಾಗ ಅದರಲ್ಲಿ ಪೌರ ಎಂಬ ಪದ ಇತ್ತು, ಪೌರ ಯಾರು ಎಂಬ ವಿವರಣೆ ಇರಲಿಲ್ಲ. ಆ ಖಾಲಿ ಜಾಗವನ್ನು 1857ರಲ್ಲಿ ಸುಪ್ರೀಂ ಕೋರ್ಟ್ ತುಂಬಿತು. ಬಿಡುಗಡೆ ಕೋರಿ ದಾವೆ ಹೂಡಿದ್ದ ಡ್ರೆಡ್ ಸ್ಕಾಟ್ ಎಂಬ ಗುಲಾಮನಿಗೆ, ಆಫ್ರಿಕಾ ಮೂಲದವರ ಸಂತಾನ ಸ್ವತಂತ್ರರಾಗಿದ್ದರೂ ಈ ದೇಶದ ಪೌರರಾಗಲಾರರು ಎಂದು ಹೇಳಿತು. ಈ ನೆಲದಲ್ಲೇ ತಲೆಮಾರುಗಳಿಂದ ಹುಟ್ಟಿ, ದುಡಿದು, ಸತ್ತವರ ಬಗ್ಗೆ ಹೇಳಿದ ಮಾತು ಅದು. ಆಮೇಲೆ ಅಂತರ್ಯುದ್ಧ ನಡೆದು ಲಕ್ಷಗಟ್ಟಲೆ ಜನ ಸತ್ತರು. 1868ರಲ್ಲಿ 14ನೇ ತಿದ್ದುಪಡಿ ಬಂತು: ಅಮೆರಿಕದಲ್ಲಿ ಹುಟ್ಟಿದ ಅಥವಾ ಪೌರತ್ವ ಪಡೆದ, ಅದರ ಕಾನೂನಿನ ವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಅದರ ಪೌರರು. ಯಾರು ನಮ್ಮವರು ಎಂಬ ತೀರ್ಮಾನ ಆಯಾ ಕಾಲದ ಸರ್ಕಾರದ ಕೈಯಲ್ಲಿ ಇರಬಾರದು ಎಂದೇ ಅದನ್ನು ಸಂವಿಧಾನದಲ್ಲಿ ಬರೆದರು.

ಅದು ಮೂಲನಿವಾಸಿಗಳನ್ನು ಒಳಗೆ ಕರೆದುಕೊಳ್ಳಲಿಲ್ಲ ಎಂಬುದನ್ನು ಮರೆಯಲಾಗದು. ಅವರೆಲ್ಲರಿಗೂ ಪೌರತ್ವ ಸಿಗಲು 1924ರ ಕಾನೂನು ಬರಬೇಕಾಯಿತು.

ವಾಂಗ್ ಕಿಮ್ ಆರ್ಕ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದವನು, ಅಡುಗೆ ಕೆಲಸ ಮಾಡುತ್ತಿದ್ದವನು. 1895ರಲ್ಲಿ ಚೀನಾದಿಂದ ಹಿಂದಿರುಗಿದಾಗ ಹುಟ್ಟೂರಿನ ಬಂದರಿನಲ್ಲೇ ಅವನನ್ನು ಇಳಿಯಗೊಡಲಿಲ್ಲ. ತಿಂಗಳುಗಟ್ಟಲೆ ಹಡಗುಗಳಲ್ಲೇ ಇರಿಸಿದರು. ತಂದೆತಾಯಿ ಚೀನಾ ಚಕ್ರವರ್ತಿಯ ಪ್ರಜೆಗಳು, ಆದ್ದರಿಂದ ಮಗನೂ ಚಕ್ರವರ್ತಿಯ ಪ್ರಜೆಯೇ ಎಂಬುದು ಸರ್ಕಾರದ ವಾದ. 1898ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ರಾಜನ ನೆಲದಲ್ಲಿ ಹುಟ್ಟಿದ ಮಗು ರಾಜನ ಪ್ರಜೆ ಎಂಬ ಇಂಗ್ಲೆಂಡಿನ ಹಳೆಯ ತತ್ವವನ್ನೇ ಹಿಡಿದು, ರಾಜನಿಲ್ಲದ ಈ ದೇಶದಲ್ಲಿ ಆ ಮಗು ಪೌರನಾಗುತ್ತದೆ ಎಂದಿತು. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಮಾತ್ರ ಹೊರಗಿಟ್ಟಿತು.

ಈಗ ನಮ್ಮವರ ಕಥೆಗೆ ಬರುತ್ತೇನೆ. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಪೌರತ್ವದ ಕಾನೂನು ಹೇಳುತ್ತಿದ್ದ ಅರ್ಥದಲ್ಲಿ ಅವರು ಬಿಳಿಯರಲ್ಲ, ಆದ್ದರಿಂದ ಪೌರರಾಗಲಾರರು ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಾದ ಮೇಲೆ ಮೊದಲೇ ಪೌರರಾಗಿದ್ದ ಭಾರತೀಯರಿಂದಲೂ ಪೌರತ್ವ ಕಿತ್ತುಕೊಳ್ಳತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಅವರಲ್ಲೊಬ್ಬರು. ಬ್ರಿಟಿಷರ ಆಳ್ವಿಕೆ ಬೇಡವೆಂದು ಬಂದವರಿಗೆ, ಊರಿಗೆ ಹೋಗಬೇಕಾದರೆ ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊ ಎಂದರು. 1928ರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

ಅದೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಪಂಜಾಬಿ ರೈತರು ತಮ್ಮ ಹೆಸರಿನಲ್ಲಿ ಜಮೀನು ಇಟ್ಟುಕೊಳ್ಳುವಂತಿರಲಿಲ್ಲ. ಇಲ್ಲೇ ಹುಟ್ಟಿದ ಮಕ್ಕಳ ಹೆಸರಿಗೆ ಬರೆಸಿದವರಿದ್ದರು. ಅಪ್ಪನಿಗೆ ಪೌರತ್ವ ಇಲ್ಲ, ತೊಟ್ಟಿಲಲ್ಲಿರುವ ಮಗುವಿಗೆ ಇದೆ. ಕಾನೂನು ಕೊಟ್ಟ ಪೌರತ್ವವನ್ನು ಕಾನೂನಿನ ಹೊಸ ವ್ಯಾಖ್ಯಾನ ಕಿತ್ತುಕೊಂಡಿತು. ಹುಟ್ಟು ಕೊಟ್ಟದ್ದನ್ನು ಮುಟ್ಟಲಾಗಲಿಲ್ಲ.

ಭಾರತವೂ 1987ರಲ್ಲಿ ನಿಯಮ ಬದಲಿಸಿತಲ್ಲ, ಯುರೋಪಿನಲ್ಲಿಯೂ ಹೀಗಿಲ್ಲವಲ್ಲ ಎನ್ನುವವರಿದ್ದಾರೆ. ನಿಜ, ಒಪ್ಪುತ್ತೇನೆ. ಪ್ರತಿಯೊಂದು ದೇಶವೂ ತನ್ನ ಗಾಯ ನೋಡಿಕೊಂಡು ತನ್ನ ಕಾನೂನು ಬರೆದುಕೊಳ್ಳುತ್ತದೆ. ಅಮೆರಿಕದ ಗಾಯ ಗುಲಾಮಗಿರಿ. 14ನೇ ತಿದ್ದುಪಡಿಯ ಆ ವಾಕ್ಯ ಈ ಗಾಯಕ್ಕೆ ಹಾಕಿದ ಹೊಲಿಗೆ. ಅದನ್ನು ಬಿಚ್ಚಬೇಕೆನ್ನುವವರು ಸಂವಿಧಾನ ತಿದ್ದುವ ಕಷ್ಟದ ದಾರಿಯಲ್ಲೇ ನಡೆದು ಬರಲಿ. ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು, ರಾಜ್ಯಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಿಗೆ ಪಡೆಯಲಿ. ಆದರೆ 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ್ದು, ಇಲ್ಲಿ ಹುಟ್ಟುವ ಕೆಲವು ಮಕ್ಕಳಿಗೆ ಪೌರತ್ವ ಇಲ್ಲವೆನ್ನುವ ಬರೀ ಒಂದು ಆದೇಶಕ್ಕೆ. ದಾಖಲೆ ಇಲ್ಲದ ತಾಯಂದಿರ ಜೊತೆಗೆ, ಕೆಲಸದ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿರುವ ತಾಯಂದಿರೂ ಅದರಲ್ಲಿ ಸೇರಿದ್ದರು. ತಂದೆಗೂ ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದಿದ್ದರೆ ಅಂಥವರ ಮಗು ಪೌರನಲ್ಲ ಎಂದಿತ್ತು ಅದು. ಕೆಲವೇ ದಿನಗಳಲ್ಲಿ ನ್ಯಾಯಾಲಯಗಳು ತಡೆ ಕೊಟ್ಟವು. ಆದರೆ ಗುಂಪಿನಲ್ಲಿ ಆ ಆದೇಶಕ್ಕೆ ಚಪ್ಪಾಳೆಯ ಚಿತ್ರ ಹಾಕಿದವರಲ್ಲಿ ಕೆಲವರ ಮಕ್ಕಳು ಹುಟ್ಟಿದಾಗ ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಇದ್ದದ್ದು ಅಂಥ ವೀಸಾವೇ. ನನಗೆ ಗೊತ್ತು, ಆ ಮಕ್ಕಳ ನಾಮಕರಣಕ್ಕೆ ನಾನೂ ಹೋಗಿದ್ದೆ.

ನಮ್ಮ ಮಗಳು ಹುಟ್ಟಿದ್ದೂ ಹಾಗೆಯೇ, 1999ರಲ್ಲಿ. ಆ ಆದೇಶ ಅವಳನ್ನು ಮುಟ್ಟುತ್ತಿರಲಿಲ್ಲ, ಮುಂದೆ ಹುಟ್ಟುವವರಿಗಷ್ಟೇ ಇತ್ತು ಅದು. ಆದರೂ ಸುದ್ದಿ ಬಂದ ರಾತ್ರಿ ಕಡತ ತೆಗೆದು ಅವಳ ಜನನ ಪ್ರಮಾಣಪತ್ರ ಹುಡುಕಿದೆ. ಅತ್ತೆಯೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತರು. ಹುಟ್ಟಿದ ಊರು, ದಿನ, ಗಂಟೆ, ನಿಮಿಷ. ತಂದೆಯ ಹೆಸರು. ತಾಯಿಯ ಹೆಸರು, ತಾಯಿ ಹುಟ್ಟಿದ ದೇಶ ಭಾರತ. ಅತ್ತೆ ಬೆರಳಿಟ್ಟು ಒಂದೊಂದು ಅಂಕಣವನ್ನೂ ಓದಿಸಿಕೊಂಡರು. ವೀಸಾ ಯಾವುದು ಎಂದು ಕೇಳುವ ಅಂಕಣ ಅದರಲ್ಲಿ ಇರಲಿಲ್ಲ.