ಎ-1 ಡಬ್ಬ ಮತ್ತು ಅಮ್ಮನ ಗಂಟು

ನಮ್ಮನೇಲಿ ಇರೋದು ಹಳೇ ಓಮ್ನಿ. ಮೈಸೂರಲ್ಲಿ ನಂದೊಂದು ಸಣ್ಣ ಸ್ಟೇಷನರಿ ಅಂಗಡಿ, ಜೊತೆಗೆ ಜೆರಾಕ್ಸು ಲ್ಯಾಮಿನೇಷನ್ನು, ಹಾಗಾಗಿ ವಾರವಿಡೀ ಆ ಗಾಡಿ ನೋಟ್‌ಬುಕ್ ಬಂಡಲ್ ಹೊರುತ್ತೆ. ಬೇಸಿಗೆ ರಜ ಬಂತು ಅಂದ್ರೆ ಮಾತ್ರ ನನ್ನ ಕಣ್ಣಿಗೆ ಅದು ಕ್ಯಾಂಪರ್ ವ್ಯಾನ್, ಅಂದ್ರೆ ಒಳಗೇ ಮಲಗಿ ಎದ್ದು ಊರೂರು ತಿರುಗೋ ಗಾಡಿ, ಆಗ್ಬಿಡುತ್ತೆ, ಹೆಂಡತಿ ಕಣ್ಣಿಗೆ ಯಾವತ್ತೂ ಆಗಿಲ್ಲ, ಆ ಮಾತು ಬೇರೆ.

ಓಮ್ನಿ ಬಗ್ಗೆ ಸ್ವಲ್ಪ ಹೇಳ್ಲೇಬೇಕು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, ಆಮೇಲೆ 1988ರಲ್ಲಿ ಓಮ್ನಿ ಅಂತ ಹೆಸರು ಬದಲಾಯ್ತು, 2019ರಲ್ಲಿ ಮಾಡೋದನ್ನೇ ನಿಲ್ಸಿಬಿಟ್ರು. ಅಷ್ಟು ವರ್ಷದಲ್ಲಿ ಅದು ಸ್ಕೂಲ್ ಮಕ್ಕಳನ್ನ ಹೊತ್ತಿದೆ, ಹೂವು ಹೊತ್ತಿದೆ, ಆಂಬುಲೆನ್ಸ್ ಆಗಿದೆ, ಸಿನಿಮಾದಲ್ಲಿ ಹೀರೋಯಿನ್ ಕಿಡ್ನ್ಯಾಪ್ ಮಾಡೋಕೂ ಅದೇ ಬೇಕು, ಪಕ್ಕಕ್ಕೆ ಜಾರೋ ಬಾಗಿಲು ನೋಡಿ, ಎಳೆದು ಒಳಗೆ ಹಾಕ್ಕೊಳ್ಳೋಕೆ ಸಲೀಸು. 796 ಸಿಸಿ, ಮೂರು ಸಿಲಿಂಡರ್, ಉದ್ದ ಹೆಚ್ಚೂಕಮ್ಮಿ 11 ಅಡಿ. ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇರೋದ್ರಿಂದ ಓಡಿಸೋನಿಗೆ ಬೆಚ್ಚಗೆ ಕೂತ್ಕೊಳ್ಳೋ ಯೋಗ. ಈ 11 ಅಡಿಯೊಳಗೆ ನಾನು, ಇವಳು, ಅಮ್ಮ, ಇಬ್ಬರು ಮಕ್ಕಳು, ಒಂದು ಟೆಂಟು, ಒಂದು ಸ್ಟವ್ವು, 20 ಲೀಟರ್ ನೀರಿನ ಕ್ಯಾನು, ಆರು ದಿನದ ಸಾಮಾನು.

ಗಾಡಿ ಒಳಗೆ ಬೋಲ್ಟ್ ಹಾಕಿ ಮಂಚ ಕಪಾಟು ಕೂರಿಸೋ ಆಸೆ ನಂಗೂ ಇತ್ತು. ಆದ್ರೆ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆಯಲ್ಲ, ಕಂಪನಿಯವರು ಮಾಡಿದ್ದನ್ನ ನಮ್ಮಿಷ್ಟಕ್ಕೆ ತಿದ್ದೋ ಹಾಗಿಲ್ಲ. ಸೋಮವಾರ ಮತ್ತೆ ನೋಟ್‌ಬುಕ್ ಬೇರೆ ಹೊರಬೇಕು. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿಗೂ 1951ರ ಸುಮಾರಿಗೆ ವೆಸ್ಟ್‌ಫಾಲಿಯಾ ಅನ್ನೋ ಕಂಪನಿಯವರು ಹೀಗೇ ಎತ್ತಿ ಇಳಿಸೋ ಒಂದು ಕ್ಯಾಂಪಿಂಗ್ ಬಾಕ್ಸ್ ಮಾಡಿದ್ರಂತೆ, ವಾರವೆಲ್ಲ ದುಡಿಮೆ, ರಜ ಬಂದ್ರೆ ತಿರುಗಾಟ. ಅದನ್ನ ಓದಿದ ಮೇಲೆ ನನ್ನ ಎದೆ ಒಂದಿಂಚು ಉಬ್ಬಿತು, ನಮ್ಮ ಯೋಚನೆಗೂ ಒಂದು ವಂಶ ಇದೆ ಅಂತ. 12 ಎಂಎಂ ಪ್ಲೈವುಡ್ ಶೀಟ್ ತಂದು, ಬಡಗಿ ಹತ್ರ ಕೊಯ್ಸಿ, ಹಿಂಜಸ್ ಹಾಕಿ, ಮಡಚೋ ಹಲಗೆ ಒಂದು ಮಾಡಿಸ್ದೆ. ರಾತ್ರಿ ಹಾಸಿಗೆ, ಹಗಲು ಅದರ ಕೆಳಗೆ ಸಾಮಾನು. 8x4 ಅಡಿ ಶೀಟ್ ಒಂದೇ 20 ಕೆಜಿ ಮೇಲೆ ತೂಗುತ್ತೆ ಅನ್ನೋದು ತಲೆಗೆ ಹೊಳೆದಿದ್ದು ಅದನ್ನ ಎತ್ತಿ ಸೊಂಟ ಹಿಡ್ಕೊಂಡ ಮೇಲೆ.

ಆಮೇಲೆ ಡಬ್ಬಗಳು. ಒಂದೇ ಅಳತೆಯ ಒಂಬತ್ತು ಪ್ಲಾಸ್ಟಿಕ್ ಡಬ್ಬ, ಹಲಗೆ ಕೆಳಗೆ ಮೂರು ಸಾಲಾಗಿ, ಎ-1ರಿಂದ ಸಿ-3ರವರೆಗೆ. ಅಂಗಡಿ ಕಂಪ್ಯೂಟರಲ್ಲಿ ಎಕ್ಸೆಲ್ ಶೀಟ್ ಮಾಡಿ, ಯಾವ ಡಬ್ಬದಲ್ಲಿ ಏನಿದೆ ಅಂತ ಪ್ರಿಂಟ್ ತೆಗೆದು, ನಮ್ದೇ ಮಷೀನಲ್ಲವಾ ಅಂತ ಲ್ಯಾಮಿನೇಷನ್ನೂ ಮಾಡಿ ಡ್ಯಾಶ್‌ಬೋರ್ಡಿಗೆ ಅಂಟಿಸ್ದೆ. ಮಗಳು ಅದನ್ನ ಟೈಮ್‌ಟೇಬಲ್ ಅಂದ್ಕೊಂಡು "ಅಪ್ಪಾ, ಪಿಟಿ ಪೀರಿಯಡ್ ಯಾವಾಗ" ಅಂದ್ಲು.

ಹೊರಡೋ ಹಿಂದಿನ ರಾತ್ರಿ ಅಮ್ಮ ಹಾಲಲ್ಲಿ ಕಾಲು ಚಾಚಿ ಕೂತು ತಮ್ಮ ಸಾಮಾನು ಕಟ್ತಿದ್ರು. ಡಬ್ಬ ಇಲ್ಲ, ಬ್ಯಾಗ್ ಇಲ್ಲ. ಹಳೇ ಸೀರೆ ಹರಿದ ತುಂಡುಗಳು, ಚೌಕಳಿ ಟವಲ್ಲು, ಅಪ್ಪನ ಒಂದು ಪಂಚೆ. ಹಸಿರು ಗಂಟಲ್ಲಿ ಅವಲಕ್ಕಿ, ಕೆಂಪು ಚೌಕಳೀಲಿ ಕೋಡುಬಳೆ ನಿಪ್ಪಟ್ಟು, ಹಳದಿ ಅಂಚಿನದ್ರಲ್ಲಿ ರಾಗಿ ಹುರಿಹಿಟ್ಟು, ಪಂಚೇಲಿ ಬಟ್ಟೆಬರೆ. ಗಾಡಿ ಫುಲ್ಲು ಅಂತ ನಾನು ಬಾಗಿಲು ಎಳೆದ ಮೇಲೆ ಅಮ್ಮ ಬಂದು ಮತ್ತೆ ತೆಗೆಸಿ, ಡಬ್ಬಕ್ಕೂ ಚಕ್ರದ ಉಬ್ಬಿಗೂ ಮಧ್ಯೆ ಒಂದು, ಸೀಟಿನ ಬೆನ್ನಿಗೆ ಒಂದು, ಕ್ಯಾನಿನ ಕತ್ತಿನ ಹತ್ರ ಒಂದು, ಹೀಗೆ ಏಳು ಗಂಟು ತುರುಕಿದ್ರು, ಬಾಗಿಲು ಹಾಕ್ಕೊಂತು. ನನ್ನ ಎಕ್ಸೆಲಲ್ಲಿ ಆ ಜಾಗಗಳೇ ಇರಲಿಲ್ಲ.

ಅರಸೀಕೆರೆ ದಾಟಿ ತರೀಕೆರೆ ಹತ್ರ ಬರೋ ಹೊತ್ತಿಗೆ ಇವಳಿಗೆ ಟೀ ನೆನಪಾಯ್ತು. ರಸ್ತೆ ಪಕ್ಕ ಒಳ್ಳೇ ಹುಣಸೆಮರದ ನೆರಳು. ಸ್ಟವ್ ಯಾವ ಡಬ್ಬ? ಬಿ-2. ಬಿ-2 ಎಲ್ಲಿ? ಮಧ್ಯದ ಸಾಲಿನ ಮಧ್ಯ, ಅಂದ್ರೆ ಸುತ್ತ ಇರೋದು ಇಳಿಸದೆ ಅದು ಬರಲ್ಲ. ಭಾರದ್ದು ಮಧ್ಯ ಇರ್ಲಿ ಅಂತ ಲೆಕ್ಕಾಚಾರದ ಮೇಲೆ ನಾನೇ ಇಟ್ಟಿದ್ದು. ಸರಿ, ಒಂದೊಂದೇ ಇಳಿಸಿ ರಸ್ತೆ ಪಕ್ಕ ಜೋಡಿಸ್ದೆ, ಸ್ಟವ್ ಸಿಕ್ತು, ಪಾತ್ರೆ ಸಿಕ್ತು, ಟೀಪುಡಿ ಸಿಕ್ತು, ಬೆಂಕಿಪೊಟ್ಟಣ ಇಲ್ಲ. "ರೀ, ಲ್ಯಾಮಿನೇಷನ್ನಲ್ಲಿ ನೋಡಿ" ಅಂತ ಇವಳು ಬೇಕಂತ್ಲೇ ಹೇಳ್ತಿದ್ಲು. ಅಷ್ಟರಲ್ಲಿ ಒಬ್ರು ಬೈಕ್ ನಿಲ್ಸಿ, ಸಾಲಾಗಿಟ್ಟ ಡಬ್ಬಗಳನ್ನ ನೋಡಿ "ಅಣ್ಣ, ಒಂದಕ್ಕೆ ಎಷ್ಟು?" ಅಂತ ಕೇಳಿದ್ರು. ಮಾರಲ್ಲ ಅಂದ್ರೂ ನಂಬದೆ ಮುಚ್ಚಳ ಗಟ್ಟಿ ಇದೆಯಾ ಅಂತ ಅಮುಕಿ ನೋಡಿದ್ರು. ಕೊನೆಗೆ ಅವರ ಹತ್ರಾನೇ ಬೆಂಕಿಪೊಟ್ಟಣ ಇಸ್ಕೊಂಡು ಟೀ ಮಾಡಿ ಅವರಿಗೂ ಒಂದು ಲೋಟ ಕೊಟ್ವಿ. ಅಮ್ಮ ಕೂತಲ್ಲಿಂದಲೇ ಕೈ ಚಾಚಿ ಕೆಂಪು ಗಂಟು ಬಿಚ್ಚಿ ಕೋಡುಬಳೆ ಹಂಚಿದ್ರು. ನಮ್ಮದು ಅರ್ಧ ಗಂಟೆ, ಅಮ್ಮಂದು ಅರ್ಧ ನಿಮಿಷ.

ಯಾವುದು ಎಲ್ಲಿ ಹಿಡಿಸುತ್ತೆ ಅಂತ ನಾನು ಜೋಡಿಸಿದ್ದೆ, ಯಾವಾಗ ಬೇಕಾಗುತ್ತೆ ಅಂತ ಅಮ್ಮ ಜೋಡಿಸಿದ್ರು. ಇಷ್ಟು ಅರ್ಥ ಆಗೋಕೆ ನಂಗೆ ಸಾಗರದವರೆಗೂ ಟೈಮ್ ಹಿಡಿತು.

ಸಾಗರದ ಹತ್ರ ಸ್ನೇಹಿತರೊಬ್ಬರ ಅಡಿಕೆ ತೋಟ, ಅವರ ಅಂಗಳದಲ್ಲೇ ಗಾಡಿ ನಿಲ್ಸಿದ್ವಿ. ಮಕ್ಕಳೂ ಅಮ್ಮನೂ ಓಮ್ನಿ ಒಳಗೆ, ನಾನೂ ಇವಳೂ ಪಕ್ಕದಲ್ಲಿ ಟೆಂಟು. ಗಾಳಿಗೆ ಗ್ಲಾಸ್ ಸರಿಸಲೇಬೇಕು, ಸರಿಸಿದ್ರೆ ಸೊಳ್ಳೆ. ಅದಕ್ಕೆ ಅಂಗಡೀಲಿ ಬೋರ್ಡಿಗೆ ಅಂಟಿಸೋಕೆ ಮಾರ್ತೀವಲ್ಲ, ಆ ಬಣ್ಣಬಣ್ಣದ ಮ್ಯಾಗ್ನೆಟ್ಟು, ಒಂದು ಪ್ಯಾಕೆಟ್ ತಂದಿದ್ದೆ. ಹಳೇ ಸೊಳ್ಳೆಪರದೆ ಕತ್ತರಿಸಿ ಕಿಟಕಿ ಸುತ್ತ ಮ್ಯಾಗ್ನೆಟ್ಟಲ್ಲಿ ಕಚ್ಚಿಸಿದ್ರೆ ಸೊಳ್ಳೆ ಕುಟುಂಬ ಹೊರಗೆ, ನಮ್ಮ ಕುಟುಂಬ ಒಳಗೆ. ಇಡೀ ಟ್ರಿಪ್ಪಲ್ಲಿ ನಾನು ಮಾಡಿದ್ದರಲ್ಲಿ ಎಲ್ಲರೂ ಒಪ್ಪಿದ್ದು ಇದೊಂದೇ, ದಯವಿಟ್ಟು ಬರೆದಿಟ್ಕೊಳ್ಳಿ. ಸಂಜೆ ಗುಡುಗಿ ಮಳೆ ಬಂದಾಗ ಸ್ಟವ್ ಗಾಡಿ ಒಳಗೇ ಹಚ್ಚೋಣ್ವಾ ಅಂದಿದ್ದಕ್ಕೆ ಮಾತ್ರ ಇವಳು ಕೆಂಡಾಮಂಡಲ. ಅವಳು ಹೇಳಿದ್ದು ಸರೀನೇ, ಮುಚ್ಚಿದ ಗಾಡೀಲಿ ಉರಿ ಹಚ್ಚಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ಮಲಗಿದೋರು ಏಳಲ್ಲ. ಆವತ್ತು ಅವಲಕ್ಕಿ ಮೊಸರು.

ಮೊಸರಿಂದೂ ಒಂದು ಕಥೆ. ಇಂಜಿನ್ ಬಿಸಿ ಸುಮ್ನೆ ಯಾಕೆ ಹಾಳಾಗ್ಬೇಕು ಅಂತ ನಾನು ಹೆಪ್ಪು ಹಾಕಿದ ಹಾಲನ್ನ ಮುಂದಿನ ಸೀಟಿನ ಹಿಂದೆ ಇಟ್ಟಿದ್ದೆ. "ಅಲ್ಲಾಡ್ತಾ ಇದ್ರೆ ಅದೆಂಗ್ಲಾ ಹೆಪ್ಪಾಯ್ತದೆ?" ಅಂತ ಅಮ್ಮ ಆಗಲೇ ಕೇಳಿದ್ರು. ಭದ್ರಾವತಿ ದಾಟೋವಾಗ ತೆಗೆದು ನೋಡಿದ್ರೆ ಮೊಸರೂ ಅಲ್ಲ ಹಾಲೂ ಅಲ್ಲ, ಮಜ್ಜಿಗೆಗೆ ಮಾತ್ರ ಮೋಸ ಇಲ್ಲ. ಸಂಜೆ ತಿಂದ ಮೊಸರು ಸ್ನೇಹಿತರ ಮನೇದು.

ಮಕ್ಕಳು ನಿದ್ದೆ ಹೋದ ಮೇಲೆ ಅಮ್ಮ ಓಮ್ನಿ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ತಮ್ಮ ಕಾಲದ ಗಾಡಿ ಕಥೆ ತೆಗೆದ್ರು. ಅಮ್ಮನ ತವರು ನಾಗಮಂಗಲದ ಕಡೆ. ಮೇಲುಕೋಟೆ ವೈರಮುಡಿಗೆ ಮನೆಮಂದಿ ಎಲ್ಲ ಕಮಾನು ಗಾಡೀಲಿ ಹೋಗ್ತಿದ್ರಂತೆ, ರಾತ್ರಿ ಹೊರಟು ಬೆಳಗ್ಗೆ ಮುಟ್ಟೋದು. ಅಚ್ಚಿನ ಕೆಳಗೆ ತೂಗೋ ಲಾಟೀನು, ಪಕ್ಕದಲ್ಲಿ ಕೀಲೆಣ್ಣೆ, ಗಾಡಿ ನೆರಳಲ್ಲೇ ನಡ್ಕೊಂಡು ಬರೋ ನಾಯಿ. ಒಲೆ ಹೊರೋ ಮಾತೇ ಇಲ್ಲ, ಮೂರು ಕಲ್ಲು ಎಲ್ಲಾದ್ರೂ ಸಿಗುತ್ತೆ. ಹಾಸಿಗೆ ಅಂದ್ರೆ ದಪ್ಪಗೆ ಹರಡಿದ ಹುಲ್ಲು, ಮೇಲೊಂದು ಜಮಖಾನ. "ಹೋಗೋವಾಗ ನಮ್ಗೆ ಹಾಸ್ಗೆ, ಅಲ್ಲೋದ್ಮೇಲೆ ಎತ್ಗೆ ಮೇವು. ಬರೋವಾಗ ಗಾಡಿ ಹಗೂರ" ಅಂದ್ರು. ನಾನು ನನ್ನ 20 ಕೆಜಿ ಹಲಗೆ ಕಡೆ ನೋಡ್ದೆ. ಅದನ್ನ ಯಾವ ಎತ್ತೂ ತಿನ್ನಲ್ಲ.

ಡಬ್ಬದ್ದೂ ಅದೇ ಹಣೆಬರಹ. ಮೂರನೇ ದಿನದ ಹೊತ್ತಿಗೆ ತಿಂಡಿ ಡಬ್ಬಗಳೆಲ್ಲ ಖಾಲಿ, ಆದ್ರೆ ಖಾಲಿ ಡಬ್ಬ ತುಂಬಿದ ಡಬ್ಬದಷ್ಟೇ ಜಾಗ ತಿನ್ನುತ್ತೆ, ಒಳಗೆ ಬರೀ ಗಾಳಿ ಇಟ್ಕೊಂಡು ಎ-1 ಅಂತ ಬೋರ್ಡ್ ಹಾಕ್ಕೊಂಡು ಗತ್ತಲ್ಲಿ ಕೂತಿರುತ್ತೆ. ಅಮ್ಮನ ಗಂಟು ಖಾಲಿ ಆದ್ರೆ ಒಂದು ಬಟ್ಟೆ. ಮಗನ ಮೂಗು ಒರೆಸ್ತು, ಬಿಸಿ ಪಾತ್ರೆ ಇಳಿಸ್ತು, ಇವಳ ತಲೆಗೆ ಬಿಸಿಲಿಗೆ ಮುಸುಕಾಯ್ತು, ಬಟ್ಟೆ ಗಂಟು ರಾತ್ರಿ ದಿಂಬಾಯ್ತು.

ಜೋಗಕ್ಕೆ ಹೋದ್ವಿ. ಶರಾವತಿ 253 ಮೀಟರ್ ಮೇಲಿಂದ ಬೀಳ್ತಾಳೆ ಅಂತ ದಾರಿಯುದ್ದಕ್ಕೂ ಮಕ್ಕಳಿಗೆ ಕೊರೆದಿದ್ದೆ, ಮೇ ತಿಂಗಳು, ಬಂಡೆ ಮೇಲೆ ನಾಲ್ಕು ಎಳೆ ನೀರು. ಮಗ ಕಂಬಿ ಹಿಡ್ಕೊಂಡು ನೋಡಿ ನೋಡಿ "ಅಪ್ಪಾ, ನಮ್ಮ ಕ್ಯಾನಲ್ಲೇ ಜಾಸ್ತಿ ಇದೆ" ಅಂದ. ಹೊನ್ನಾವರ, ಮುರುಡೇಶ್ವರ, ಮರವಂತೆ. ಮರವಂತೇಲಿ ರಸ್ತೆಯ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ಎಷ್ಟು ಸಲ ನೋಡಿದ್ರೂ ಅದೇ ಸಂಭ್ರಮ, ಅದರ ಬಗ್ಗೆ ಬರೆಯೋಕೆ ಬೇರೆಯವರಿದ್ದಾರೆ. ನಂಗೆ ನೆನಪಿರೋದು ಮರಳು. ಮರಳಿಗೆ ಯಾವ ಡಬ್ಬದ ನಂಬರ್ರೂ ಲೆಕ್ಕಕ್ಕಿಲ್ಲ, ಮುಚ್ಚಳ ಹಾಕಿದ್ದ ಸಿ-2ರೊಳಗೆ ಹಲ್ಲುಜ್ಜೋ ಬ್ರಷ್ಷಿಗೂ ಅದು ಹೋಗಿತ್ತು.

ವಾಪಸ್ ಬರೋವಾಗಲೇ ನಿಜವಾದ ಪರೀಕ್ಷೆ, ಯಾಕಂದ್ರೆ ಪ್ಯಾಕಿಂಗ್ ಲಿಸ್ಟಲ್ಲಿ ಯಾರೂ ವಾಪಸ್ ತರೋದನ್ನ ಬರೆಯಲ್ಲ. ಸಾಗರದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ, ಒಣಗಿಸಿದ ಮುರುಗಲು ಸಿಪ್ಪೆ, ತೆಂಗಿನಗರಿ ಪೊರಕೆ ಎರಡು (ಮೈಸೂರಲ್ಲಿ ಪೊರಕೆ ಸಿಗಲ್ವಾ ಅಂತ ಕೇಳೋ ಧೈರ್ಯ ನಂಗಿಲ್ಲ), ಒಂದು ಹಲಸಿನಹಣ್ಣು, ಇವಳು ಕವರಲ್ಲಿ ಇಟ್ಕೊಂಡ ಕನಕಾಂಬರ ಗಿಡ, ಮಕ್ಕಳ ಚಿಪ್ಪು. ಎಲ್ಲಾನೂ ಕೊನೆಗೆ ಬಂದಿದ್ದು ಕೊನೆಗೆ ಅಂತ ಹಿಂಬಾಗಿಲ ಹತ್ರ ತುಂಬ್ಸಿ, ನೀರಿನ ಕ್ಯಾನೂ ಅಲ್ಲೇ ಇಟ್ಟು ಉಡುಪಿ, ಕಾರ್ಕಳ ದಾಟಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತೋಕೆ ಶುರು ಮಾಡ್ದೆ. ಎರಡು ತಿರುವು ಆಗ್ತಿದ್ದ ಹಾಗೆ ಸ್ಟೇರಿಂಗ್ ಯಾಕೋ ಬೆಣ್ಣೆ ತರ. ಮುಂದಿನ ಚಕ್ರ ನೆಲಾನ ಮುಟ್ಟೂ ಮುಟ್ಟದ ಹಾಗೆ.

ಹಿಂದಿನಿಂದ ಅಮ್ಮ "ನಿಲ್ಸ್ಲಾ, ಹಿಂಭಾರ ಆಗೈತೆ" ಅಂದ್ರು.

ಅಮ್ಮನಿಗೆ ಡ್ರೈವಿಂಗ್ ಬರಲ್ಲ, ಸ್ಟೇರಿಂಗ್ ಮುಟ್ಟಿಲ್ಲ. ಆದ್ರೆ ಎತ್ತಿನ ಗಾಡೀಲಿ ಮುಂಭಾರ ಆದ್ರೆ ನೊಗ ಎತ್ತಿನ ಹೆಗಲ ಮೇಲೆ ಕೂತು ಉಜ್ಜುತ್ತೆ, ಹಿಂಭಾರ ಆದ್ರೆ ಮೂಕಿ, ಅಂದ್ರೆ ಗಾಡಿ ಮುಂದೆ ಚಾಚಿರೋ ಮರ, ಮೇಲೆದ್ದು ಕೊರಳ ಹಗ್ಗ ಗಂಟಲು ಬಿಗಿಯುತ್ತೆ, ಅದಕ್ಕೇ ಏರು ಬಂದ್ರೆ ಮಕ್ಕಳನ್ನ ಮುಂದಕ್ಕೆ ಸರಿಸಿ, ಇಳಿಜಾರಾದ್ರೆ ಹಿಂದಕ್ಕೆ ಕಳಿಸಿ ತೂಕ ನೋಡ್ತಿದ್ರಂತೆ. ಅಗಲ ಇದ್ದ ಕಡೆ ಗಾಡಿ ನಿಲ್ಸಿದ್ವಿ. 20 ಕೆಜಿ ನೀರು ಮುಂದಿನ ಸೀಟಿನ ಬೆನ್ನಿಗೆ ಬಂತು, ಭರಣಿ ಅದರ ಪಕ್ಕ, ಹಲಸಿನಹಣ್ಣು ಬಿ-3 ಡಬ್ಬದೊಳಗೆ ಇಳಿದು ಮಧ್ಯಕ್ಕೆ. ಪೊರಕೆ, ಖಾಲಿ ಡಬ್ಬ, ಟೆಂಟು ಹಿಂದಕ್ಕೆ. ಮುಂದಿನ ತಿರುವಲ್ಲೇ ಸ್ಟೇರಿಂಗ್ ಕೈಗೆ ಸಿಕ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋವಾಗ ಇವಳು ಇನ್ನೊಂದು ಪ್ಲೇಟ್ ಅಮ್ಮನ ಮುಂದೆ ಸರಿಸಿ ನನ್ನ ಮುಖ ನೋಡಿದ್ಲು, ನಾನು ಚಟ್ನಿ ನೋಡ್ದೆ.

ಈಗ ಹಲಗೆ ಅಟ್ಟದ ಮೇಲಿದೆ. ಮುಂದಿನ ಸಲಕ್ಕೆ ಅಮ್ಮ ಒಂದು ಹಳೇ ಇಳಕಲ್ ಸೀರೆ ಕತ್ತರಿಸಿ ಅಂಚು ಹೊಲಿದು ಇಟ್ಟಿದ್ದಾರೆ. ಲ್ಯಾಮಿನೇಷನ್ ಶೀಟ್ ಮಾತ್ರ ಡ್ಯಾಶ್‌ಬೋರ್ಡಿಂದ ಕೀಳೋಕೆ ಬರ್ತಿಲ್ಲ, ನಮ್ಮ ಅಂಗಡಿ ಗಮ್ಮು ಅಷ್ಟು ಗಟ್ಟಿ. ಒಂಬತ್ತೂ ಡಬ್ಬ ಅಂಗಡಿಗೆ ಬಂದಿವೆ, ಎ-1ರಲ್ಲಿ ರಬ್ಬರು, ಎ-2ರಲ್ಲಿ ಶಾರ್ಪ್‌ನರ್ರು, ಹೀಗೆ. ಬಿ-3ನ ಮೂರು ಸಲ ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟು ಪೆನ್ಸಿಲ್ ತುಂಬ್ಸಿದ್ದೀನಿ, ಆದ್ರೂ ಸ್ಕೂಲ್ ಶುರುವಾದ ಮೇಲೆ ಪಕ್ಕದ ಬೀದಿ ಹುಡುಗಿ ಒಬ್ಳು ದಿನಾ ಬರ್ತಾಳೆ, ಕೊಟ್ಟ ಪೆನ್ಸಿಲ್ಲನ್ನ ಮೂಗಿನ ಹತ್ರ ಹಿಡಿದು ನೋಡಿ "ಇದಲ್ಲ ಅಂಕಲ್, ಹಲಸಿನಹಣ್ಣಿಂದು ಕೊಡಿ" ಅಂತಾಳೆ.