ಥಮ್ಸ್ ಅಪ್ ಸರ್ಕಾರ ಹುಟ್ಟುಹಾಕಿದ್ದಲ್ಲ

ಹುಬ್ಬಳ್ಳಿಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: '1977ರಲ್ಲಿ ಕೋಕಾ ಕೋಲಾವನ್ನು ಓಡಿಸಿ ಸರ್ಕಾರ ಥಮ್ಸ್ ಅಪ್ ತಂದಿತು. ಆಮೇಲೆ ಅಮೆರಿಕದವರು ಅದನ್ನು ಕಿತ್ತುಕೊಂಡರು.' ಇದರಲ್ಲಿ ಇಸವಿ ಒಂದೇ ಸರಿ.

ಆ ವರ್ಷ ಜನತಾ ಸರ್ಕಾರ ಬಂತು. ಕೈಗಾರಿಕೆ ಖಾತೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರ ಕೈಲಿತ್ತು. ವಿದೇಶಿ ಪಾಲನ್ನು 40%ಗೆ ಇಳಿಸಿ, ಪಾನೀಯದ ಗುಟ್ಟನ್ನೂ ಇಲ್ಲಿನ ಕಂಪನಿಗೆ ಕೊಡಿ ಎಂದಿತು ಸರ್ಕಾರ. ಕೋಕಾ ಕೋಲಾ ಒಪ್ಪಲಿಲ್ಲ, ಹೊರಟುಹೋಯಿತು.

ಸರ್ಕಾರ ತಂದ ಕೋಲಾದ ಹೆಸರು 'ಡಬಲ್ ಸೆವೆನ್'. ಮಾಡಿದ್ದು ಮಾಡರ್ನ್ ಬ್ರೆಡ್ಡಿನ ಸರ್ಕಾರಿ ಕಂಪನಿ. ಅದು ಜಾಸ್ತಿ ದಿನ ನಿಲ್ಲಲಿಲ್ಲ. ಡಬಲ್ ಸೆವೆನ್, ಥಮ್ಸ್ ಅಪ್ ಎರಡೂ ಒಂದೇ ಕಾಲದವು, ಅದಕ್ಕೇ ಈ ಗೊಂದಲ ಇರಬೇಕು.

ಥಮ್ಸ್ ಅಪ್ ಮಾಡಿದ್ದು ಖಾಸಗಿ ಕಂಪನಿ ಪಾರ್ಲೆ. ರಮೇಶ್ ಚೌಹಾಣ್ ಮತ್ತು ಅವರ ತಮ್ಮ ಪ್ರಕಾಶ್ ಸೇರಿ ಥಮ್ಸ್ ಅಪ್ ಕಟ್ಟಿದ್ದು. ಗೋಲ್ಡ್ ಸ್ಪಾಟ್ ಎಂಬ ಕಿತ್ತಳೆ ಪಾನೀಯ ಅವರ ಕೈಯಲ್ಲಿ ಆಗಲೇ ಇತ್ತು. ಕೋಲಾದ ರುಚಿಯನ್ನು ಅವರೇ ಹೊಸದಾಗಿ ಕುದುರಿಸಿದರು, ಖಾರದ ತಿಂಡಿ ಜೊತೆಗೂ ಗಟ್ಟಿಯಾಗಿ ನಿಲ್ಲುವಂತೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಿರ್ಚಿ ತಿಂದು ಒಂದು ಗುಟುಕು ಕುಡಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಅಲ್ವಾ?

'ಕಿತ್ತುಕೊಂಡರು' ಅನ್ನೋದೂ ತಪ್ಪು. 1993ರಲ್ಲಿ ಕೋಕಾ ಕೋಲಾ ಮರಳಿ ಬಂದಾಗ ಪಾರ್ಲೆಯವರೇ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಸಿಟ್ರಾ, ಮಾಜಾ ಐದನ್ನೂ ಮಾರಿದರು. ಪಾರ್ಲೆಗೆ ಬಾಟಲಿ ತುಂಬುವ ಘಟಕಗಳಲ್ಲಿ ಹೆಚ್ಚಿನವು ಬೇರೆಯವರದ್ದು. ಅವರು ದೊಡ್ಡ ಕಂಪನಿ ಕಡೆ ಸರಿದರೆ ಗತಿಯೇನು ಎಂಬ ಭಯ ಇತ್ತು. ಒತ್ತಡ ಇತ್ತು ನಿಜ, ಆದರೆ ಅದು ವ್ಯಾಪಾರ.

ಈ ಮೆಸೇಜ್ ಬಂದರೆ ಸುಮ್ನೆ ಮುಂದೆ ಕಳಿಸಬೇಡಿ, ಇದನ್ನು ಕಳಿಸಿ.