ಪೊರಕೆ ಕಡ್ಡಿ ಜೊತೆ ಹುಳಾನೂ ಬರುತ್ತೆ

ಮೊನ್ನೆ ತುಮಕೂರಲ್ಲಿ ಪೊರಕೆ, ಬ್ರಷ್ ವ್ಯಾಪಾರದ ನಮ್ಮವರೇ ಮೂರ್ನಾಲ್ಕು ಜನ ಟೀ ಕುಡೀತಾ ಕೂತಿದ್ವಿ, ಒಬ್ರು ಶುರು ಮಾಡಿದ್ರು, ಹೊರದೇಶದಿಂದ ನಾರು ತರಿಸ್ಬೇಕು ಅಂದ್ರೆ ಹುಳ, ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಸರ್ಟಿಫಿಕೇಟು, ಹುಳ ಸಾಯೋಕೆ ಗ್ಯಾಸ್ ಹಾಕೋ ಫ್ಯೂಮಿಗೇಶನ್ನು ಅಂತ ಸಾಯಿಸ್ತಾರೆ, ಒಣಗಿದ ಕಡ್ಡಿಗೆ ಯಾಕಪ್ಪಾ ಇಷ್ಟೆಲ್ಲಾ ಅಂತ. ಎಲ್ರೂ ಹೌದು ಹೌದು ಅಂದ್ರು. ನನಗೆ ತಡ್ಕೊಳ್ಳೋಕಾಗ್ಲಿಲ್ಲ.

ಬ್ರೂಮ್‌ಕಾರ್ನ್ ಅಂತ ಇದೆ, ನಮ್ಮ ಬಿಳಿಜೋಳದ ಜಾತೀನೇ, ತೆನೆ ಉದ್ದುದ್ದ ಕಡ್ಡಿಯಾಗಿ ಬರುತ್ತೆ, ಅಮೆರಿಕದಲ್ಲಿ ಅದರಲ್ಲೇ ಪೊರಕೆ ಕಟ್ತಿದ್ರು. 1909ರಿಂದ 1914ರ ಮಧ್ಯೆ ಇಟಲಿ, ಹಂಗೇರಿಯಿಂದ ಹಡಗಲ್ಲಿ ಹೋದ ಈ ಕಡ್ಡಿ ಜೊತೇಲೇ ಮುಸುಕಿನ ಜೋಳದ ಕಾಂಡ ಕೊರೆಯೋ ಯುರೋಪಿನ ಹುಳ ಅಲ್ಲಿಗೆ ಕಾಲಿಟ್ಟಿದ್ದು ಅಂತ ತಜ್ಞರು ಹೇಳ್ತಾರೆ. 1917ರಲ್ಲಿ ಬಾಸ್ಟನ್ ಹತ್ರ ಕಣ್ಣಿಗೆ ಬಿತ್ತು, ಆಮೇಲೆ ಮುಸುಕಿನ ಜೋಳ ಬೆಳೆಯೋ ಸೀಮೆಗೆಲ್ಲಾ ಹಬ್ಕೊಂಡ್ತು. ಒಣಗಿದ ಕಡ್ಡಿ ಅಂತೀರಲ್ಲ, ಆ ಹುಳ ಚಳಿಗಾಲ ಪೂರ್ತಿ ಕಳೆಯೋದೇ ಒಣಗಿದ ದಂಟಿನೊಳಗೆ!

ಎಲ್ಲಾ ನಾರೂ ಒಂದೇ ಅಲ್ಲ, ಒಪ್ತೀನಿ. ಮೆಕ್ಸಿಕೋದ ಟ್ಯಾಂಪಿಕೋ ನಮ್ಮ ಬದುವಿನ ಕತ್ತಾಳೆ ಸಂಬಂಧಿ, ಎಲೆ ಕೆರೆದು ತೆಗೆದ ಬರೀ ನಾರು, ನೀರು ಹಿಡಿಯುತ್ತೆ, ಬಿಸಿ ತಡೆಯುತ್ತೆ, ಪಾಲಿಶ್ ಬ್ರಷ್‌ಗೆ ಬೇಕೇ ಬೇಕು. ಬ್ರೆಜಿಲ್‌ನ ಪಿಯಸಾವ, ಅಂದ್ರೆ ತಾಳೆ ಜಾತಿ ಮರದ ನಾರು, ಗಡುಸು, ರಸ್ತೆ ಗುಡಿಸೋಕೆ ಅದಕ್ಕೆ ಸಮ ಇಲ್ಲ. ತರಿಸಿ, ಯಾರು ಬೇಡ ಅಂದ್ರು? ತಪಾಸಣೆ ಬೇಗ ಮುಗಿಸಿಕೊಡಿ ಅಂತ ಕೇಳೋಣ, ನಾನೂ ಸಹಿ ಹಾಕ್ತೀನಿ. ತಪಾಸಣೇನೇ ಬೇಡ ಅನ್ನೋಕೆ ಮಾತ್ರ ನನ್ನ ಕರೀಬೇಡಿ.

ಯಾಕಂದ್ರೆ ತಿಪಟೂರು ಕಡೆ ನಮ್ಮದೂ ನಾಲ್ಕು ತೆಂಗಿನ ಗಿಡ ಇದೆ. ತೆಂಗಿನ ಗರಿಯ ರಸ ಹೀರೋ, ಮಧ್ಯ ಅಮೆರಿಕ ಕಡೆಯ ರುಗೋಸ್ ಬಿಳಿನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸ್ತು, ಆಮೇಲೆ ನಮ್ಮ ತೋಟಗಳಿಗೂ ಬಂತು. ಅದು ನಾರಿನ ಜೊತೆ ಬಂತು ಅಂತ ಹೇಳ್ತಿಲ್ಲ, ಹೊರಗಿಂದ ಬಂದ ಒಂದು ಹುಳ ಏನ್ ಮಾಡುತ್ತೆ ಅಂತ ಹೇಳ್ತಿದೀನಿ. ಗರಿ ಮೇಲೆಲ್ಲಾ ಅದು ಬಿಡೋ ಅಂಟು, ಅದರ ಮೇಲೆ ಕಪ್ಪು ಬೂಷ್ಟು, ನಮ್ಮಮ್ಮ ಪೊರಕೆಗೆ ಅಂತ ಗರಿ ಸೀಳಿ ಕಡ್ಡಿ ತೆಗೆದ್ರೆ ಕೈಯೆಲ್ಲಾ ಮಸಿ. ವಯಸ್ಸಾದ ಜೀವ, ತಿಕ್ಕಿ ತಿಕ್ಕಿ ತೊಳ್ಕೋತಾರೆ.

ಹೋದ ವರ್ಷ ಒಬ್ಬ ಡೀಲರ್ ಪೇಪರ್ ಇಲ್ಲದ ಮಾಲು ಕಮ್ಮಿ ರೇಟಿಗೆ ಕೊಡ್ತೀನಿ ಅಂತ ಅಂಗಡಿ ಮುಂದೇನೇ ತಂದಿಳಿಸಿದ. ಕಟ್ಟು ಬಿಚ್ಚಿದ್ರೆ ತೇವ, ಮುಗ್ಗಲು ವಾಸನೆ, ಕೊಡವಿದ್ರೆ ಕೆಳಗೆ ಸಣ್ಣ ಪುಡಿ ಉದುರ್ತು. ಬೇಡಪ್ಪಾ ಅಂತ ವಾಪಸ್ ಹೊರಿಸಿದೆ, ಆದ್ರೆ ಆ ಮಾಲು ಅಲ್ಲಿಂದ ಯಾರ ಅಂಗಡಿಗೆ ಹೋಯ್ತೋ, ಯಾರ ತೋಟದ ಪಕ್ಕ ಬಿಚ್ಚಿದ್ರೋ, ಅದೇ ಇವತ್ತಿಗೂ ಕೊರೀತಿದೆ.